‘ಏಬಲ್’ ಎಂಬ ಪದದ ಹಿಂದುಮುಂದು: ಗಡಿ ಶಾಲೆಯ ಕನ್ನಡದಿಂದ ನೋಡಿದಾಗ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಉತ್ತರ ಪತ್ರಿಕೆ ತಿದ್ದುವ ನಮ್ಮಂಥ ಶಿಕ್ಷಕರಿಗೆ ಒಂದು ವಾಕ್ಯ ವರ್ಷ ವರ್ಷವೂ ಎದುರಾಗುತ್ತದೆ: ‘ಐ ಕೆನ್ ಏಬಲ್ ಟು ಕಮ್’. ಕೆಂಪು ಶಾಯಿಯಿಂದ ‘ಏಬಲ್ ಟು’ ಹೊಡೆದು ಹಾಕಿ ‘ಐ ಕೆನ್ ಕಮ್’ ಎಂದು ಬರೆಯುತ್ತೇವೆ. ಮುಂದಿನ ವರ್ಷ ಇನ್ನೊಂದು ತರಗತಿಯ ಮಕ್ಕಳು ಅದನ್ನೇ ಬರೆಯುತ್ತಾರೆ. ಇದು ನಮ್ಮ ಗಡಿನಾಡಿನ ಮಕ್ಕಳ ತಪ್ಪು ಮಾತ್ರವಲ್ಲ, ಭಾರತದ ಉದ್ದಗಲಕ್ಕೂ ಕೇಳಿಬರುವ ತಪ್ಪು. ಇಷ್ಟು ಜನ ಒಂದೇ ಜಾಗದಲ್ಲಿ ಎಡವುತ್ತಾರೆ ಎಂದರೆ ಅಲ್ಲಿ ಕಲ್ಲು ಇರಲೇಬೇಕಲ್ಲವೇ? ಆ ಕಲ್ಲು ಯಾವುದು ಎಂದು ಹುಡುಕುವುದಕ್ಕೇ ಈ ಬರಹ.

ಇಂಗ್ಲಿಷಿನಲ್ಲಿ ‘ಕೆನ್’ ಸಹಾಯಕ ಕ್ರಿಯಾಪದ, ‘ಏಬಲ್’ ಗುಣವಾಚಕ. ‘ಟಾಲ್’, ‘ಬ್ಲ್ಯಾಕ್’ ಇದ್ದ ಹಾಗೆಯೇ ‘ಏಬಲ್’. ಆದ್ದರಿಂದ ‘ಐ ಆಮ್ ಟಾಲ್’ ಎನ್ನುವಂತೆ ‘ಐ ಆಮ್ ಏಬಲ್ ಟು ಕಮ್’ ಎನ್ನಬೇಕು. ವ್ಯಾಕರಣ ಇಷ್ಟೇ. ಆದರೆ ಮಗುವಿನ ಮನೆಯ ಮಾತಿನಲ್ಲಿ ಸಾಮರ್ಥ್ಯ ಎನ್ನುವುದು ಎತ್ತರದ ಹಾಗೆ, ಬಣ್ಣದ ಹಾಗೆ ಮನುಷ್ಯನಿಗೆ ಅಂಟಿಕೊಂಡ ಗುಣವೇ ಅಲ್ಲ. ‘ನನಗ ಈಜ್ಲಿಕ್ಕ ಬರ್ತದ’ ಎನ್ನುತ್ತಾನೆ ನಮ್ಮ ಹುಡುಗ. ಪಕ್ಕದ ಮನೆಯ ತೆಲುಗು ಹುಡುಗ ‘ನಾಕು ಈತ ವಚ್ಚು’ ಎನ್ನುತ್ತಾನೆ. ದಖನಿ ಮಾತನಾಡುವವನು ‘ಮೆರೆಕು ಆತಾ’ ಎನ್ನುತ್ತಾನೆ. ನಾರಾಯಣಖೇಡ್ ಆಚೆ ದೆಗಲೂರ ಕಡೆಗೆ ಹೋದರೆ ಮರಾಠಿಯವರು ‘ಮಲಾ ಪೋಹತಾ ಯೇತಂ’ ಎನ್ನುತ್ತಾರೆ. ನಾಲ್ಕು ಭಾಷೆಗಳಲ್ಲೂ ವಿದ್ಯೆ ‘ಬರುತ್ತದೆ’. ಎಲ್ಲಿಂದಲೋ ಹೊರಟು, ನಡೆದು, ನಮ್ಮ ಹತ್ತಿರ ಬಂದು ಸೇರುತ್ತದೆ. ಕನ್ನಡ, ತೆಲುಗು ಒಂದು ಕುಲ, ಮರಾಠಿ, ದಖನಿ ಇನ್ನೊಂದು ಕುಲ. ಆದರೂ ನೂರಾರು ವರ್ಷ ಒಂದೇ ಸಂತೆಯಲ್ಲಿ ಕೊಟ್ಟು ತಂದು ಮಾಡಿದ್ದರಿಂದ ಸಾಮರ್ಥ್ಯವನ್ನು ಹೇಳುವ ರೀತಿಯೂ ಒಂದೇ ಆಗಿದೆ.

ಆಗದಿದ್ದರೆ? ಆಗಲೂ ಇದೇ ಕಥೆ. ಕನ್ನಡದಲ್ಲಿ ‘ನನ್ನ ಕೈಲಿ ಆಗಂಗಿಲ್ಲ’. ತೆಲುಗಿನಲ್ಲಿ ‘ನಾಕು ಚೇತಕಾದು’. ಅಲ್ಲಿಯ ‘ಚೇತ’ದಲ್ಲಿ ಇರುವುದೂ ಕೈಯೇ. ದಖನಿಯಲ್ಲಿ ‘ಮೇರೆಸೆ ನೈ ಹೋತಾ’. ಎಲ್ಲ ಕಡೆ ‘ಆಗುವುದು’ ಎನ್ನುವ ಕ್ರಿಯೆಯೇ ಇದೆ, ಗುಣವಾಚಕದ ಸುಳಿವಿಲ್ಲ. ಇಂಥ ಮನೆಯಿಂದ ಬಂದ ಮಗುವಿಗೆ ‘ಏಬಲ್’ ಕಿವಿಗೆ ಕ್ರಿಯಾಪದದಂತೆಯೇ ಕೇಳಿಸುತ್ತದೆ. ಕ್ರಿಯಾಪದ ಎಂದುಕೊಂಡ ಮೇಲೆ ಅದರ ಮುಂದೆ ‘ಕೆನ್’ ಇಡುವುದು ಸಹಜ.

ಹಾಗಾದರೆ ಕನ್ನಡದಲ್ಲಿ ಸಾಮರ್ಥ್ಯ ಹೇಳುವ ಗುಣವಾಚಕಗಳೇ ಇಲ್ಲವೇ ಎಂದು ಕೇಳಬಹುದು. ಇವೆ. ಆದರೆ ಅವುಗಳನ್ನು ಒಂದೊಂದಾಗಿ ಹಿಡಿದು ಊರು ಕೇಳಿ ನೋಡಿ. ಸಮರ್ಥ, ಯೋಗ್ಯ, ಅರ್ಹ, ನಿಪುಣ ಸಂಸ್ಕೃತದವು. ‘ಜಾಣ’ ಪ್ರಾಕೃತದ ದಾರಿಯಿಂದ ಬಂದದ್ದು. ‘ಲಾಯಖ್’, ‘ಕಾಬಿಲ್’ ಅರಬ್ಬಿಯಲ್ಲಿ ಹುಟ್ಟಿ ಫಾರ್ಸಿ, ಉರ್ದು ದಾಟಿ ಬಂದವು. ‘ಹುಡುಗ ಭಾಳ ಹುಷಾರ್ ಇದಾನ’ ಎನ್ನುವಾಗಿನ ಹುಷಾರ್ ಫಾರ್ಸಿಯದು. (ಇದೇ ಪದ ಮೈಸೂರು ಕಡೆ ಆರೋಗ್ಯಕ್ಕೆ ಹೋಗಿದೆ, ಅಲ್ಲಿ ‘ಹುಷಾರಿಲ್ಲ’ ಎಂದರೆ ಮೈ ಸರಿಯಿಲ್ಲ. ಕಾಸರಗೋಡು, ಮಂಗಳೂರು ಕಡೆಯ ‘ಲಾಯ್ಕ’ವಂತೂ ‘ಚೆನ್ನಾಗಿದೆ’ ಎಂಬ ಅರ್ಥಕ್ಕೆ ಬಂದು ನಿಂತಿದೆ. ಒಂದೇ ಪದಕ್ಕೆ ಎರಡು ಗಡಿಗಳಲ್ಲಿ ಎರಡು ಬದುಕು!)

ಇನ್ನು ಅಚ್ಚ ಕನ್ನಡದವು ಎಂದರೆ ಬಲ್ಲವ, ಕಲಿತವ, ನುರಿತವ, ಪಳಗಿದವ. ಇವೆಲ್ಲ ಕ್ರಿಯಾಪದದಿಂದಲೇ ಹುಟ್ಟಿದವು. ಅದರಲ್ಲೂ ಕಲಿತ, ನುರಿತ, ಪಳಗಿದ ಎಂಬ ಮೂರು ಆಗಿಹೋದ ಕೆಲಸವನ್ನು ಹೇಳುತ್ತವೆ. ‘ನುರಿ’ ಎಂದರೆ ಅರೆದು ಪುಡಿಯಾಗುವುದು, ಅದರಿಂದಲೇ ‘ನುರಿತ’. ತಾಂಡೂರಿನ ಹಾಸುಗಲ್ಲಿನ ಗಣಿಗಳಲ್ಲಿ ಕಲ್ಲು ಸೀಳುವವನನ್ನು ‘ಕೈ ಪಳಗಿದವ’ ಎಂದರೆ ಅವನು ಎಷ್ಟು ವರ್ಷ ಆ ಧೂಳು ಕುಡಿದಿದ್ದಾನೆ ಎಂಬುದೂ ಆ ಮಾತಿನೊಳಗೆ ಇರುತ್ತದೆ. ಸಂಸ್ಕೃತದಿಂದ ನಾವು ತಂದುಕೊಂಡ ‘ಪರಿಣತ’ ಕೂಡ ಇದೇ ಜಾತಿಯದು. ಅದರ ಮೂಲಾರ್ಥ ‘ಮಾಗಿದ್ದು’. ಹಣ್ಣು ಮಾಗಲು ದಿನ ಬೇಕು.

ಹಳಗನ್ನಡಕ್ಕೆ ಹೋದರೆ ಇನ್ನೂ ಸ್ವಾರಸ್ಯ ಇದೆ. ಅಲ್ಲಿ ಸಾಮರ್ಥ್ಯಕ್ಕೆ ಎರಡು ಧಾತುಗಳಿದ್ದವು. ಒಂದು ‘ಆರ್’, ಶಕ್ತನಾಗು ಎಂಬ ಅರ್ಥದ್ದು. ಅದರಿಂದ ‘ಆರ್ಪು’, ಅಂದರೆ ಶಕ್ತಿ. ಇನ್ನೊಂದು ‘ಬಲ್’, ತಿಳಿ ಎಂಬ ಅರ್ಥದ್ದು. ‘ನಾನು ಅವನನ್ನು ಬಲ್ಲೆ’ ಎಂದರೆ ತಿಳಿದಿದ್ದೇನೆ, ‘ನಾನು ಹಾಡಬಲ್ಲೆ’ ಎಂದರೆ ಹಾಡುವ ಶಕ್ತಿ ಇದೆ. ಕಾಲ ಕಳೆದಂತೆ ‘ಆರ್’ ಒಪ್ಪುವ ಕಡೆ ಸತ್ತು, ಒಲ್ಲದ ಕಡೆ ಮಾತ್ರ ಉಳಿಯಿತು. ‘ಬರಲಾರೆ, ಮಾಡಲಾರ, ತಾಳಲಾರದೆ’ ಎಂದು ಇಂದಿಗೂ ಬರೆಯುತ್ತೇವಲ್ಲ, ಆ ‘ಲಾರ’ದೊಳಗೆ ಕೂತಿರುವುದು ಅದೇ ‘ಆರ್’. ಹೌದು ಎನ್ನುವ ಕೆಲಸವನ್ನೆಲ್ಲ ‘ಬಲ್ಲ’ ವಹಿಸಿಕೊಂಡಿತು. ಅಂದರೆ ಕನ್ನಡದಲ್ಲಿ ಆಗುವುದು ತಿಳಿವಿನಿಂದ, ಆಗದಿರುವುದು ಬಲ ಸಾಲದೆ!

ಇಂಗ್ಲಿಷಿನಲ್ಲೂ ಮೊದಲು ಹೀಗೆಯೇ ಇತ್ತು ಎಂದರೆ ಓದುಗರು ನಂಬಬೇಕು. ಹಳೆಯ ಇಂಗ್ಲಿಷಿನ ‘ಕುನ್ನನ್’ ಎಂದರೆ ತಿಳಿ. ಅದೇ ಇಂದಿನ ‘ಕೆನ್’. ‘ನೋ’ ಮತ್ತು ‘ಕನ್ನಿಂಗ್’ ಅದರ ದಾಯಾದಿಗಳು. ‘ಮಗನ್’ ಎಂದರೆ ಬಲವುಳ್ಳವನಾಗು. ಅದು ಇಂದಿನ ‘ಮೇ’. ‘ಮೈಟ್’ ಎಂದರೆ ಬಲ ಎಂಬುದು ಇನ್ನೂ ಉಳಿದಿದೆ. ನಮ್ಮ ‘ಬಲ್’ ಮತ್ತು ‘ಆರ್’ ಹೇಗೋ ಹಾಗೆ ಅವರ ‘ಕೆನ್’ ಮತ್ತು ‘ಮೇ’. ಅಲ್ಲಿಯೂ ತಿಳಿವಿನ ಪದ ಗೆದ್ದಿತು, ಬಲದ ಪದ ಹಿಂದೆ ಸರಿದು ‘ಇರಬಹುದು’, ‘ಮಾಡಬಹುದು’ ಎನ್ನುವ ಅರ್ಥಕ್ಕೆ ಇಳಿಯಿತು. (ಮಕ್ಕಳು ‘ಕುಡ್’ ಪದದಲ್ಲಿ ಉಚ್ಚಾರವಿಲ್ಲದ ‘ಎಲ್’ ಏಕೆ ಎಂದು ಕೇಳುತ್ತಾರೆ. ‘ವುಡ್’, ‘ಶುಡ್’ ಪದಗಳಲ್ಲಿ ‘ಎಲ್’ ಮೂಲದಿಂದಲೇ ಇದೆ. ಅವುಗಳನ್ನು ನೋಡಿ 15-16ನೇ ಶತಮಾನದ ಹೊತ್ತಿಗೆ ಇದಕ್ಕೂ ಸುಮ್ಮನೆ ಸೇರಿಸಿದರು. ಕಾಗುಣಿತ ತಪ್ಪುವುದು ನಮ್ಮ ಮಕ್ಕಳಷ್ಟೇ ಅಲ್ಲ!)

ಹೀಗಿರುವಾಗ ‘ಏಬಲ್’ ಹೊರಗಿನಿಂದ ಬಂತು. ಲ್ಯಾಟಿನ್ನಿನ ‘ಹಬೇರೆ’ ಎಂದರೆ ಹಿಡಿದಿರು, ಹೊಂದಿರು. ಅದರಿಂದ ‘ಹಬಿಲಿಸ್’, ಅಂದರೆ ‘ಹಿಡಿಯಲು ಸುಲಭವಾದದ್ದು, ಕೈಗೆ ಒಗ್ಗುವುದು’. ಮೊದಲಲ್ಲಿ ಇದು ಹಿಡಿಯುವವನ ಗುಣಕ್ಕಿಂತ ಹಿಡಿಯುವ ವಸ್ತುವಿನ ಗುಣ. ಒಳ್ಳೆಯ ಹಿಡಿಯ ಕುಡುಗೋಲನ್ನು ನೆನೆಸಿಕೊಳ್ಳಿ. ಫ್ರೆಂಚ್ ನಾಲಿಗೆಯಲ್ಲಿ ‘ಹ’ ಉದುರಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯ ಎಲ್ಲ ಫ್ರೆಂಚ್ ಆಯಿತು. ಆ ಪ್ರಭಾವದಲ್ಲಿ 14ನೇ ಶತಮಾನದ ಹೊತ್ತಿಗೆ ‘ಏಬಲ್’ ಇಂಗ್ಲಿಷಿನಲ್ಲಿ ನೆಲೆಯೂರಿತು. ಉದುರಿದ ‘ಹ’ ನೋಡಬೇಕೆಂದರೆ ‘ರಿಹ್ಯಾಬಿಲಿಟೇಷನ್’ ಪದದಲ್ಲಿ ಇನ್ನೂ ಇದೆ. ಆಳುವವರ ಭಾಷೆಯ ಪದ ಆಳಿಸಿಕೊಳ್ಳುವವರ ಮನೆಗೆ ಬರುವುದು ನಮ್ಮ ಕಡೆಯವರಿಗೆ ಹೊಸ ಸಂಗತಿಯಲ್ಲ. ಅದಕ್ಕೆ ಮುಂದೆ ಬರುತ್ತೇವೆ.

ಮೊದಲು ಬಳಕೆಯನ್ನು ಮುಗಿಸೋಣ. ‘ಕೆನ್’ ಇದ್ದೂ ‘ಏಬಲ್’ ಏಕೆ ಬೇಕು? ‘ಕೆನ್’ ಕುಂಟು ಕ್ರಿಯಾಪದ. ಅದಕ್ಕೆ ಭವಿಷ್ಯತ್ ರೂಪವಿಲ್ಲ. ‘ವಿಲ್ ಕೆನ್’ ಎನ್ನಲಾಗದು, ಆದ್ದರಿಂದ ‘ವಿಲ್ ಬಿ ಏಬಲ್ ಟು’. ‘ಹ್ಯಾವ್’ ಬಂದ ಕಡೆಯೂ ‘ಹ್ಯಾವ್ ಬೀನ್ ಏಬಲ್ ಟು’ ಎಂದೇ ಹೇಳಬೇಕು. ಭೂತಕಾಲದಲ್ಲಿ ಒಂದು ಸೂಕ್ಷ್ಮವಿದೆ. ‘ಚಿಕ್ಕವನಿದ್ದಾಗ ಅವನಿಗೆ ಈಜು ಬರುತ್ತಿತ್ತು’ ಎನ್ನಲು ‘ಕುಡ್’ ಸಾಕು. ಆದರೆ ‘ಅಂದು ಕಾಗಿಣಾ ತುಂಬಿ ಹರಿಯುತ್ತಿದ್ದರೂ ಈಜಿ ದಾಟಿಯೇ ಬಿಟ್ಟ’ ಎನ್ನುವಲ್ಲಿ ‘ವಾಸ್ ಏಬಲ್ ಟು’ ಬೇಕು. ಶಕ್ತಿ ಇರುವುದು ಬೇರೆ, ಆ ದಿನ ಅದು ಕೈಗೂಡುವುದು ಬೇರೆ. ‘ಬರುತ್ತಿತ್ತು’ ಮತ್ತು ‘ಆಯಿತು’ ಎಂಬ ವ್ಯತ್ಯಾಸ ನಮ್ಮ ಮಕ್ಕಳಿಗೆ ಮೊದಲೇ ಗೊತ್ತು, ಅದನ್ನು ತೋರಿಸಿ ಹೇಳಿದರೆ ಥಟ್ಟನೆ ಹಿಡಿಯುತ್ತಾರೆ. ‘ಕೇಪಬಲ್’ ಮುಂದೆ ‘ಟು’ ಬರುವುದಿಲ್ಲ, ‘ಆಫ್’ ಬರುತ್ತದೆ. ‘ಎಲಿಜಿಬಲ್’ ಎಂದರೆ ಸಮರ್ಥ ಅಲ್ಲ, ಅರ್ಹ. ಅದರ ಮೂಲಾರ್ಥ ‘ಆರಿಸಲು ತಕ್ಕ’. ಸಮರ್ಥನಾದವನು ಅರ್ಹನಾಗದಿರಬಹುದು, ಅರ್ಹನಾದವನು ಸಮರ್ಥನಲ್ಲದಿರಬಹುದು. ಅರ್ಜಿ ಬರೆದವರಿಗೆಲ್ಲ ಇದು ಗೊತ್ತು.

ಪದದ ಬಾಲಕ್ಕೆ ಅಂಟುವ ‘-ಏಬಲ್’ ಇನ್ನೊಂದು ತೊಡಕು. ‘ರೀಡಬಲ್’ ಎಂದರೆ ಓದಬಲ್ಲವನಲ್ಲ, ಓದಲು ತಕ್ಕದ್ದು. ಇಲ್ಲಿ ಸಂಸ್ಕೃತ ಕೈಹಿಡಿಯುತ್ತದೆ: ಪಾನೀಯ, ಶ್ಲಾಘನೀಯ, ಗಮನೀಯ. ಈ ‘-ಅನೀಯ’ವೇ ಅವರ ‘-ಏಬಲ್’ ಎಂದು ಹೇಳಿಕೊಟ್ಟರೆ ಕನ್ನಡ ಪಾಠವೂ ಆಯಿತು, ಇಂಗ್ಲಿಷ್ ಪಾಠವೂ ಆಯಿತು.

ಈಗ ಪದದ ಚರಿತ್ರೆಯ ಕಹಿ ಭಾಗ. ಗುಣವಾಚಕಕ್ಕೆ ಒಂದು ಸ್ವಭಾವವಿದೆ, ಅದು ಜನರನ್ನು ವಿಂಗಡಿಸುತ್ತದೆ. ‘ಅವನಿಗೆ ಇದು ಬರುತ್ತದೆ, ಅದು ಬರುವುದಿಲ್ಲ’ ಎಂದರೆ ಮಾತು ಕೆಲಸದ ಬಗ್ಗೆ. ‘ಅವನು ಸಮರ್ಥ, ಇವನು ಅಸಮರ್ಥ’ ಎಂದರೆ ಮಾತು ಮನುಷ್ಯನ ಬಗ್ಗೆ. ಇಂಗ್ಲೆಂಡಿನಲ್ಲಿ 1601ರ ಬಡವರ ಕಾನೂನು ದುಡಿಯಬಲ್ಲ ಬಡವರನ್ನು ಕೆಲಸಕ್ಕೆ ಹಚ್ಚಬೇಕು, ಕುಂಟರು, ಕುರುಡರು, ಮುದುಕರು ಮೊದಲಾದ ದುಡಿಯಲಾರದವರಿಗೆ ನೆರವು ಕೊಡಬೇಕು ಎಂದು ಗೆರೆ ಎಳೆಯಿತು. 1834ರಲ್ಲಿ ಕಾನೂನು ಬಿಗಿಯಾಯಿತು. ‘ಏಬಲ್-ಬಾಡೀಡ್’ ಎನಿಸಿಕೊಂಡ ಬಡವನಿಗೆ ವರ್ಕ್‌ಹೌಸ್ ಎಂಬ ದುಡಿಮೆಯ ಮನೆ ಸೇರಿದರೆ ಮಾತ್ರ ನೆರವು ಎಂಬುದು ಅದರ ನೀತಿಯಾಯಿತು. ಆ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಇರಬೇಕಾಗಿತ್ತು.

ಈ ಗೆರೆ ಸಮುದ್ರ ದಾಟಿ ನಮ್ಮ ನೆಲಕ್ಕೂ ಬಂತು. 1876-78ರ ಮಹಾಕ್ಷಾಮ ಮದ್ರಾಸ್, ಮೈಸೂರು, ಮುಂಬಯಿ, ಹೈದರಾಬಾದ್ ಸೀಮೆಗಳಲ್ಲಿ ಲಕ್ಷಾಂತರ ಜನರನ್ನು ಕೊಂದಿತು. ಅದಾದ ಮೇಲೆ ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಕ್ಷಾಮ ಸಂಹಿತೆ ಸಿದ್ಧವಾಯಿತು. ಅದರಲ್ಲೂ ಅದೇ ವಿಂಗಡಣೆ. ಮೈಯಲ್ಲಿ ಬಲ ಇದ್ದವನಿಗೆ ಕೆರೆ, ರಸ್ತೆಯ ಕೆಲಸ ಮತ್ತು ಅದಕ್ಕೆ ತಕ್ಕ ಕೂಲಿ, ಇಲ್ಲದವನಿಗೆ ಪುಕ್ಕಟೆ ನೆರವು. ಸಂಹಿತೆಯಿಂದ ಜೀವಗಳು ಉಳಿದದ್ದು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಹಸಿದು ಬಂದವನ ಮುಂದೆ ನಿಂತು ‘ನೀನು ಏಬಲ್ ಹೌದೋ ಅಲ್ಲವೋ’ ಎಂದು ತೀರ್ಮಾನಿಸುವ ಅಧಿಕಾರ ಇನ್ನೊಬ್ಬನ ಕೈಗೆ ಹೋಯಿತು.

ಇಂದು ಈ ಗೆರೆ ಬೇರೆ ರೂಪದಲ್ಲಿದೆ. 1995ರ ಕಾಯ್ದೆ 7 ಬಗೆಯ ಅಂಗವಿಕಲತೆಗಳನ್ನು ಹೇಳಿತ್ತು. ಅದರ ಬದಲಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಹೇಳುತ್ತದೆ. ಮೀಸಲಾತಿಯಂಥ ಸೌಲಭ್ಯಕ್ಕೆ ಪ್ರಮಾಣ ಪತ್ರದಲ್ಲಿ ಕನಿಷ್ಠ 40 ಪ್ರತಿಶತ ಇರಬೇಕು. ‘ಡಿಸೇಬಲ್ಡ್’ ಬೇಡ ಎಂದು 1980ರ ದಶಕದಲ್ಲಿ ‘ಡಿಫರೆಂಟ್ಲಿ ಏಬಲ್ಡ್’ ಬಂತು, ಕನ್ನಡದಲ್ಲಿ ವಿಕಲಚೇತನ, ವಿಶೇಷಚೇತನ ಬಂದವು. ಹೆಸರು ಬದಲಾದರೆ ನೋವು ಸ್ವಲ್ಪ ಕಡಿಮೆಯಾಗಬಹುದು, ಆದರೆ ಶಾಲೆಯ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದರೆ ಮಗು ಒಳಗೆ ಬರುತ್ತದೆ. ನಮಗೆ ಎರಡನೆಯದರ ಮೇಲೆ ಹೆಚ್ಚು ನಂಬಿಕೆ.

ಇನ್ನು ನಮ್ಮ ನೆಲದ ಮಾತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿಯೇ ಸ್ಥಾಪನೆಯಾಯಿತು. ಇಂಗ್ಲಿಷ್ ಬಿಟ್ಟು ಒಂದು ದೇಶಭಾಷೆಯಲ್ಲಿ ವೈದ್ಯ, ವಿಜ್ಞಾನ ಕಲಿಸಿದ್ದು ದೊಡ್ಡ ಸಾಹಸವೇ. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನವರಿಗೆ ಅದೂ ಪರಭಾಷೆಯೇ. ‘ಲಾಯಖ್’ ಯಾರು, ‘ನಾಲಾಯಖ್’ ಯಾರು ಎಂಬ ಮಾತು ಆ ಕಾಲದಲ್ಲಿ ಕಚೇರಿಯಿಂದ ಮನೆಗೆ ಬಂದು ಕೂತಿತು. ಇಂದಿಗೂ ತಾಂಡೂರ ಕಡೆಯ ಹಳ್ಳಿಗಳಲ್ಲಿ ತಂದೆ ಮಗನನ್ನು ಬಯ್ಯುವುದು ‘ನಾಲಾಯಖ್’ ಎಂದೇ, ‘ಅಸಮರ್ಥ’ ಎಂದು ಯಾರೂ ಬಯ್ಯುವುದಿಲ್ಲ. ಗುಣವಾಚಕಗಳನ್ನು ನಾವು ಆಳುವವರಿಂದ ಕಡ ತಂದೆವು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಆಮೇಲೆ 1956ರ ನವೆಂಬರ್ 1 ಬಂತು. ಬೀದರ್ ಜಿಲ್ಲೆಯ ಜಹೀರಾಬಾದ್ ತಾಲ್ಲೂಕು (ನಿರ್ಣಾ ಸರ್ಕಲ್ ಬಿಟ್ಟು), ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ್ ತಾಲ್ಲೂಕು, ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ತೆಲಂಗಾಣ. 2016ರ ಅಕ್ಟೋಬರಿನಿಂದ ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆ, ತಾಂಡೂರು ವಿಕಾರಾಬಾದ್ ಜಿಲ್ಲೆ. ಜನ ಕೂತಲ್ಲೇ ಕೂತಿದ್ದರು. ಕಚೇರಿಯ ಭಾಷೆ ಒಂದು ತಲೆಮಾರಿನೊಳಗೆ ಉರ್ದುವಿನಿಂದ ತೆಲುಗಿಗೆ ಹೋಯಿತು. ಕನ್ನಡದಲ್ಲಿ ಪತ್ರ ಬರೆಯಬಲ್ಲ, ಲೆಕ್ಕ ಬರೆಯಬಲ್ಲ ಮನುಷ್ಯ ಎರಡು ಸಲ ‘ಬಾರದವನು’ ಆದ. ಅವನ ವಿದ್ಯೆ ಒಂದು ಅಕ್ಷರದಷ್ಟೂ ಕಡಿಮೆಯಾಗಿರಲಿಲ್ಲ. ಅದೇ 1956ರಲ್ಲಿ ಸಂವಿಧಾನದ 7ನೇ ತಿದ್ದುಪಡಿಯಿಂದ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ನಮ್ಮ ಶಾಲೆಗಳು ನಿಂತಿರುವುದು ಆ ವಿಧಿಯ ಬಲದ ಮೇಲೆ.

ತಾಂಡೂರಿನ ಪಕ್ಕ ಹರಿಯುವ ಕಾಗಿಣಾ ನದಿಯ ಜೊತೆಗೇ ಕೆಳಗೆ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ. ಕನ್ನಡ ನಾಡಿನ ಜನ ಓದು ಬರಹ ಕಲಿಯದೆಯೂ ಕಾವ್ಯ ಕಟ್ಟುವುದರಲ್ಲಿ ಮಾಗಿದ ಬುದ್ಧಿಯವರು ಎಂಬ ಅಭಿಪ್ರಾಯ ಅದರಲ್ಲಿದೆ. ಅಲ್ಲಿ ಬಳಸಿರುವ ಪದ ‘ಪರಿಣತ’. ಅರಮನೆಯ ಪಂಡಿತ ಹಳ್ಳಿಯ ಜನಕ್ಕೆ ಕೊಟ್ಟ ಮಾತು ಅದು.

ಇದು ಬರೀ ಹಳೆಯ ಹೊಗಳಿಕೆ ಎಂದು ತಳ್ಳಿಹಾಕುವವರು ಜಹೀರಾಬಾದ್ ಬಳಿಯ ಮಾಚನೂರಿಗೆ ಹೋಗಿ ಬರಬೇಕು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು 2008ರ ಅಕ್ಟೋಬರಿನಲ್ಲಿ ಅಲ್ಲಿ ‘ಸಂಘಂ ರೇಡಿಯೋ’ ಎಂಬ ಸಮುದಾಯ ಬಾನುಲಿಯನ್ನು ಶುರುಮಾಡಿದರು. ಜೋಳ, ನವಣೆ, ಸಜ್ಜೆಯ ಬೀಜ ಕಾಪಾಡಿಕೊಂಡು ಬಂದ ಕೈಗಳು ಅವು. ಅವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಕ್ಯಾಮೆರಾ ಹಿಡಿದು ಸಾಕ್ಷ್ಯಚಿತ್ರ ಮಾಡಲು ಕಲಿತರು. ಈ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅವರ ಭಾಷೆ ತೆಲುಗು. ಅದರಿಂದ ನಮ್ಮ ಮಾತಿಗೇನೂ ಕೊರತೆಯಿಲ್ಲ. ಅಲ್ಲಿಯೂ ವಿದ್ಯೆ ‘ವಚ್ಚು’, ಅಂದರೆ ಬಂದದ್ದೇ.

ಇಷ್ಟೆಲ್ಲ ಹೇಳಲು ಕಾರಣ ಈಗಿನ ತರಗತಿಯ ಸ್ಥಿತಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ‘ನಿಪುಣ್ ಭಾರತ್’ ಆರಂಭಿಸಿತು. 3ನೇ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಲೆಕ್ಕ ಮಾಡಬೇಕು ಎಂಬುದು ಗುರಿ. 2022ರ ಜನವರಿಯಲ್ಲಿ ತೆಲಂಗಾಣ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತರಲು ತೀರ್ಮಾನಿಸಿತು. ಎರಡೂ ಮಕ್ಕಳ ಒಳ್ಳೆಯದಕ್ಕೇ ಎಂದು ಒಪ್ಪೋಣ. ಆದರೆ ತಂದೆತಾಯಿ ಬಂದು ‘ಸರ್, ಕನ್ನಡದಾಗ ಓದಿದ್ರ ಹುಡುಗ ಮುಂದ ಕಾಬಿಲ್ ಆಗ್ತಾನೇನ್ರೀ?’ ಎಂದು ಕೇಳುವಾಗ ಆ ಪ್ರಶ್ನೆಯೊಳಗೆ ‘ಇಂಗ್ಲಿಷ್ ಬಂದವನೇ ಏಬಲ್’ ಎಂಬ ಉತ್ತರ ಮೊದಲೇ ಕೂತಿರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಎಂದು ಹತ್ತು ವರ್ಷದೊಳಗೆ ಇಷ್ಟು ಭಾಷೆಗಳ ನಡುವೆ ಓಡಾಡುವ ಮಗುವನ್ನು ಕುರಿತು ಈ ಪ್ರಶ್ನೆ!

ನಾವು ಶಿಕ್ಷಕರು ಮಾಡಬಹುದಾದದ್ದು ಚಿಕ್ಕದು. ಮಗುವಿನ ಕಲಿಕೆಯ ದಾಖಲೆಯಲ್ಲಿ ‘ಓದಬಲ್ಲ’, ‘ಓದಲಾರ’ ಎಂದು ಎರಡು ಮಾತು ಬರೆಯುವ ರೂಢಿ ಹಲವರಲ್ಲಿದೆ. ‘ಓದಲಾರ’ ಎಂದರೆ ಬಲವೇ ಇಲ್ಲ ಎಂದಂತೆ, ಅದರಲ್ಲಿ ನಾಳೆಗೆ ಜಾಗವಿಲ್ಲ. ‘ಓದಲು ಇನ್ನೂ ಬಂದಿಲ್ಲ’ ಎಂದು ಬರೆದರೆ ವಿದ್ಯೆ ದಾರಿಯಲ್ಲಿದೆ ಎಂದಾಯಿತು. ಇಂಗ್ಲಿಷಿನಲ್ಲಿ ಬರೆಯಬೇಕಾದಲ್ಲಿ ‘ನಾಟ್ ಯೆಟ್ ಏಬಲ್ ಟು ರೀಡ್’ ಎಂದು ಆ ‘ಯೆಟ್’ ಸೇರಿಸಬಹುದು, ವ್ಯಾಕರಣಕ್ಕೆ ಯಾವ ಅಡ್ಡಿಯೂ ಇಲ್ಲ. ಇನ್ನು ನ್ಯಾಲಕಲ್, ಮನೂರು, ಬಶೀರಾಬಾದ್ ಕಡೆಯ ಹಳ್ಳಿಗಳಲ್ಲಿ ‘ಬರುವುದು, ಆಗುವುದು, ಪಳಗುವುದು’ ಕುರಿತು ಇನ್ನೂ ಯಾವ ಯಾವ ಮಾತುಗಳಿವೆ ಎಂಬುದನ್ನು ಮಕ್ಕಳಿಂದಲೇ ಮನೆಮನೆಯಲ್ಲಿ ಕೇಳಿಸಿ ಬರೆಸಬಹುದು. 8ನೇ ತರಗತಿಗೆ ಒಂದು ವಾರದ ಮನೆಗೆಲಸಕ್ಕೆ ಅದು ಸಾಕು. ‘ಐ ಕೆನ್ ಏಬಲ್ ಟು’ ತಿದ್ದುವ ಪಾಠವನ್ನು ಆ ಪಟ್ಟಿಯಿಂದ ಶುರುಮಾಡಿದರೆ ಅಜ್ಜಿ ಹೇಳಿದ ಮಾತೇ ಕಪ್ಪುಹಲಗೆಯ ಮೇಲೆ ಮೊದಲ ಉದಾಹರಣೆಯಾಗುತ್ತದೆ.